ಎಸ್ ಅಂದರೆ ಸ್ಯಾಮುಯೆಲ್

ನನ್ನ ಹೆಸರಿನ ಕೊನೆಗೆ ಒಂದು 'ಎಸ್' ಇದೆ. ಪ್ರಶಾಂತ್ ಎಸ್. 2019ರಲ್ಲಿ ಬೆಂಗಳೂರಿಗೆ ಬಂದಾಗಿನಿಂದ ಈ ಎಸ್ ಏನು ಅಂತ ಯಾರೂ ಕೇಳಿಲ್ಲ. ನಮ್ಮ ಆಫೀಸಿನಲ್ಲಿ ಅರ್ಧ ಜನಕ್ಕೆ ಎಸ್, ಇನ್ನರ್ಧ ಜನಕ್ಕೆ ಕೆ, ಯಾರು ಕೇಳ್ತಾರೆ ಬಿಡಿ. ಶಿವಣ್ಣನೋ, ಶ್ರೀನಿವಾಸನೋ, ಶಂಕ್ರಪ್ಪನೋ ಇರಬೇಕು ಅಂದುಕೊಂಡಿರ್ತಾರೆ.

ಅದು ಸ್ಯಾಮುಯೆಲ್. ನಮ್ಮಪ್ಪ.

ನಾನು ಧಾರವಾಡದವನು. ಬಾಸೆಲ್ ಮಿಶನ್ನಿನವರು 1837ರಲ್ಲಿ ನಮ್ಮೂರಿಗೆ ಬಂದರು. ಅವರ ಕಾಲದಲ್ಲಿ ಕ್ರೈಸ್ತರಾದ ಮನೆತನಗಳಲ್ಲಿ ನಮ್ಮದೂ ಒಂದು. ಇಂಥ ಮನೆಗಳಲ್ಲಿ ಜಾನ್, ಜೋಸೆಫ್ ಇರೋ ಹಾಗೇ ಸತ್ಯಮಿತ್ರ, ದೇವದಾನ, ಸುಗುಣ ಕೂಡ ಇರ್ತಾರೆ. ನಮ್ಮ ಆರಾಧನೆ ಕನ್ನಡದಲ್ಲಿ, ಹಾಡು ಕನ್ನಡದಲ್ಲಿ, ರಾಗ ಮಾತ್ರ ಕೆಲವು ಜರ್ಮನಿಯವು. ಬೈಬಲ್ಲಿಗೆ ನಾವು ಸತ್ಯವೇದ ಅಂತೀವಿ. ಕ್ರಿಸ್ಮಸ್ಸಿಗೆ ನಮ್ಮವ್ವ ಮಾಡೋದು ಕರ್ಚಿಕಾಯಿ, ಚಕ್ಕುಲಿ, ಬೇಸನ್ ಉಂಡಿ. ಕೇಕನ್ನು ಬೇಕರಿಯಿಂದ ತರ್ತೀವಿ, ಅದು ಎರಡು ದಿನಕ್ಕೆ ಒಣಗಿ ಹೋಗತ್ತೆ, ಕರ್ಚಿಕಾಯಿ ಮಾತ್ರ ಹೊಸ ವರ್ಷದ ತನಕ ಡಬ್ಬಿಯಲ್ಲಿ ಇರತ್ತೆ.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಇದರಲ್ಲಿ ಒಂದಕ್ಷರವನ್ನೂ ನಾನು ಆಫೀಸಿನಲ್ಲಿ ಐದು ವರ್ಷ ಯಾರಿಗೂ ಹೇಳಿರಲಿಲ್ಲ.

2024ರ ಡಿಸೆಂಬರ್. ನಮ್ಮ ಮಹಡಿಯಲ್ಲಿ ಪ್ಲಾಸ್ಟಿಕ್ ಮರ ನಿಲ್ಲಿಸಿ, ಎಲ್ಲರ ತಲೆಗೂ ಕೆಂಪು ಟೋಪಿ ಹಾಕಿಸಿ, ಚೀಟಿ ಎತ್ತಿ ಒಬ್ಬರಿಗೊಬ್ಬರು ಉಡುಗೊರೆ ಕೊಡಿಸಿದ್ದರು. ನನಗೆ ಬಂದಿದ್ದು ಒಂದು ಕಾಫಿ ಮಗ್. ಊಟಕ್ಕೆ ಕೂತಾಗ ಯಾರೋ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಮಾತು ಮತಾಂತರದ ಕಡೆ ತಿರುಗಿತು. "ಈ ಕೈಲಿ ಅಕ್ಕಿ ಮೂಟೆ, ಆ ಕೈಲಿ ಬೈಬಲ್ಲು. ಒಂದು ಮೂಟೆಗೆ ಒಂದು ಮನೆ, ಆಫರ್ ಚೆನ್ನಾಗಿದೆ" ಅಂತ ಒಬ್ಬ ಅಂದ. ಎಲ್ಲರೂ ನಕ್ಕರು.

ನಾನೂ ನಕ್ಕೆ.

ಈ ಎರಡು ಪದ ಬರೆಯೋಕೆ ನನಗೆ ಇಷ್ಟು ದಿನ ಬೇಕಾಯ್ತು. ತಲೆ ಮೇಲೆ ಕೆಂಪು ಟೋಪಿ ಬೇರೆ ಇತ್ತು. ಅಷ್ಟರಲ್ಲಿ ಎದುರಿಗೆ ಕೂತಿದ್ದ ಮಂಜು (ಹೆಸರು ಮಂಜು ಅಂತ ಇಟ್ಟುಕೊಳ್ಳೋಣ) "ಲೋ, ಗುರುವಾರದ ರಿಲೀಸಿಗೆ ಆ ಬಗ್ ಸರಿ ಆಯ್ತೇನೋ?" ಅಂತ ಕೇಳಿದ. ಮಾತು ಅಲ್ಲಿಗೆ ನಿಂತಿತು. ಅವನು ಎಂಥಾ ಕೆಲಸದ ಹುಚ್ಚ, ಊಟದ ಹೊತ್ತಲ್ಲೂ ಬಗ್ ಅಂತಾನಲ್ಲ ಅಂದುಕೊಂಡೆ.

ಅವತ್ತು ರಾತ್ರಿ ರೂಮಿಗೆ ಬಂದು ಮಲಗಿದರೆ ನಿದ್ದೆ ಇಲ್ಲ. ಭಾನುವಾರದ ಶಾಲೆಗೆ ಹೋದ ಯಾವ ಹುಡುಗನಿಗೂ ಪೇತ್ರನ ಕಥೆ ಗೊತ್ತಿರತ್ತೆ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಅವನು ಅಂಗಳದಲ್ಲಿ ಬೆಂಕಿ ಕಾಯಿಸ್ತಾ ಕೂತು, ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಅಂತ ಮೂರು ಸಲ ಅಂದ, ಕೋಳಿ ಕೂಗಿತು. ಅವನನ್ನು ಗುರುತು ಹಿಡಿದದ್ದು ಅವನ ಗಲಿಲಾಯದ ಮಾತಿನ ಧಾಟಿಯಿಂದ. ನನ್ನ ಮಾತಿನ ಧಾಟಿಯಿಂದ ನನ್ನ ಊರು ಗೊತ್ತಾಗತ್ತೆ, ಧರ್ಮ ಗೊತ್ತಾಗಲ್ಲ. ಪೇತ್ರನಿಗಿಂತ ನನಗೆ ಅನುಕೂಲ ಜಾಸ್ತಿ.

ಯಾಕೆ ಇಷ್ಟು ಬಾಯಿ ಮುಚ್ಚಿಕೊಂಡಿದ್ದೆ? ಕೇಳಿದರೆ ಹೆದರಿಕೆ ಅಂತ ಹೇಳಬಹುದು, ಅದು ಸುಳ್ಳೇನಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಕಡೆ ಚರ್ಚುಗಳ ಮೇಲೆ ದಾಳಿಯಾದಾಗ ನನಗೆ ಹನ್ನೊಂದು ವರ್ಷ. ಮುಂದಿನ ಭಾನುವಾರ ನಮ್ಮ ಚರ್ಚಿನ ಗೇಟಿನಲ್ಲಿ ಪೊಲೀಸರು ನಿಂತಿದ್ದರು. ಯಾವಾಗಲೂ ಕೈಯಲ್ಲೇ ಹಿಡಿದುಕೊಂಡು ಹೋಗ್ತಿದ್ದ ಸತ್ಯವೇದವನ್ನು ಅಪ್ಪ ಅವತ್ತು ಬಜಾರದ ಕೈಚೀಲದಲ್ಲಿ ಹಾಕಿಕೊಂಡರು. ಆಮೇಲೆ ಆ ಚೀಲ ಖಾಯಂ ಆಯ್ತು. 2021ರ ಅಕ್ಟೋಬರಿನಲ್ಲಿ ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಒಂದು ಪ್ರಾರ್ಥನಾ ಮಂದಿರದೊಳಗೆ ಜನ ನುಗ್ಗಿ ಕೂತು ಭಜನೆ ಹಾಡಿದ ಸುದ್ದಿ ಬಂದಾಗ ಅಪ್ಪ ಫೋನ್ ಮಾಡಿದ್ದರು. "ಆಫೀಸಿನ್ಯಾಗ ಯಾರ ಜೋಡಿನೂ ಈ ವಿಷಯ ಮಾತಾಡಬ್ಯಾಡ. ನಿನ್ನ ಕೆಲಸಾ ನೋಡ್ಕೊಂಡು ಸುಮ್ನ ಕುಂದ್ರು."

2022ರಲ್ಲಿ ಕಾಯ್ದೆ ಬಂತು. ಮೊದಲು ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ವಿಧಾನ ಪರಿಷತ್ತಿನ ಒಪ್ಪಿಗೆ. ನಾನು ಅದನ್ನು ಕೂತು ಓದಿದೆ (ಇಂಜಿನಿಯರ್ ಅಲ್ವಾ, ಸ್ಪೆಸಿಫಿಕೇಶನ್ ಓದದೆ ಇದ್ದರೆ ಆಗಲ್ಲ). ಬಲವಂತ, ಆಮಿಷ, ವಂಚನೆಯಿಂದ ಮತಾಂತರ ಮಾಡಿಸಿದರೆ 3ರಿಂದ 5 ವರ್ಷ ಜೈಲು. ಮತಾಂತರ ಆದವರು ಮಹಿಳೆ, ಅಪ್ರಾಪ್ತರು, ಪರಿಶಿಷ್ಟ ಜಾತಿ-ಪಂಗಡದವರಾಗಿದ್ದರೆ 10 ವರ್ಷದವರೆಗೆ. ನನಗೆ ಗಂಟಲು ಒಣಗಿದ್ದು ಇನ್ನೊಂದು ಸಾಲಿಗೆ. ಯಾರು ದೂರು ಕೊಡಬಹುದು ಅನ್ನೋ ಪಟ್ಟಿಯಲ್ಲಿ ತಂದೆ, ತಾಯಿ, ಅಣ್ಣ, ತಂಗಿ ಎಲ್ಲ ಆದಮೇಲೆ ಸಹೋದ್ಯೋಗಿಯೂ ಇದ್ದಾನೆ. ಅಂದರೆ ನಮ್ಮ ಊಟದ ಟೇಬಲ್ಲಿನವರು ಎಲ್ಲರೂ! 2023ರ ಜೂನಿನಲ್ಲಿ ಆಗಿನ ಸಚಿವ ಸಂಪುಟ ಈ ಕಾಯ್ದೆಯನ್ನು ಹಿಂತೆಗೆದುಕೊಳ್ಳೋಕೆ ತೀರ್ಮಾನ ಮಾಡಿತು. ಅಪ್ಪನ ಕೈಚೀಲ ಮಾತ್ರ ಹಾಗೇ ಇದೆ.

ಸಂವಿಧಾನದ 25ನೇ ವಿಧಿಯಲ್ಲಿ ಧರ್ಮವನ್ನು ಆಚರಿಸೋ ಹಕ್ಕಿನ ಜೊತೆಗೆ ಪ್ರಚಾರ ಮಾಡೋ ಹಕ್ಕೂ ಇದೆ. 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಗೆರೆ ಎಳೆಯಿತು. ನಿನ್ನ ಧರ್ಮದ ವಿಚಾರ ಇನ್ನೊಬ್ಬರಿಗೆ ಹೇಳಬಹುದು, ಆದರೆ ಇನ್ನೊಬ್ಬರನ್ನು ಮತಾಂತರ ಮಾಡೋ ಹಕ್ಕು ಅದರಲ್ಲಿ ಸೇರಿಲ್ಲ ಅಂತ. ಓದೋಕೆ ಸ್ಪಷ್ಟವಾಗೇ ಇದೆ. ಆದರೆ ಹೇಳೋದು ಎಲ್ಲಿ ಮುಗಿಯತ್ತೆ, ಒತ್ತಾಯ ಎಲ್ಲಿ ಶುರುವಾಗತ್ತೆ? ಆ ಗೆರೆಯನ್ನು ನಾನೇ ಒಂದು ಸಲ ದಾಟಿದ್ದೀನಿ. ನನ್ನ ಮೌನಕ್ಕೆ ಹೆದರಿಕೆಗಿಂತ ದೊಡ್ಡ ಕಾರಣ ಅದೇ ಅಂತ ಈಗ ಅನ್ನಿಸತ್ತೆ.

2016, ಇಂಜಿನಿಯರಿಂಗ್ ಎರಡನೇ ವರ್ಷ, ಹಾಸ್ಟೆಲ್. ರಜೆಯಲ್ಲಿ ಯುವಕರ ಶಿಬಿರವೊಂದಕ್ಕೆ ಹೋಗಿ ಮೂರು ದಿನ ಹಾಡಿ, ಅತ್ತು, ಹೊಸ ಮನುಷ್ಯನಾಗಿ ಬಂದಿದ್ದೆ. ಆ ಮೂರು ದಿನವನ್ನು ಈಗಲೂ ನಾನು ತಮಾಷೆ ಮಾಡಲ್ಲ, ಅಲ್ಲಿ ನನಗೆ ಸಿಕ್ಕಿದ್ದು ನಿಜವಾದದ್ದೇ. ಆದರೆ ಬರುವಾಗ ಜೊತೆಗೆ ಒಂದು ಅವಸರವನ್ನೂ ಹೊತ್ತು ತಂದಿದ್ದೆ. ಎಲ್ಲರಿಗೂ ಹೇಳಬೇಕು, ಇವತ್ತೇ ಹೇಳಬೇಕು. ಬಂದ ವಾರವೇ ನನ್ನ ರೂಮ್‌ಮೇಟಿನ ಅಜ್ಜಿ ತೀರಿಕೊಂಡರು. ಅವನು ಊರಿಂದ ವಾಪಸ್ ಬಂದು ಮಂಚದ ಮೇಲೆ ಕೂತಿದ್ದ. ನಾನು ಅವನ ಪಕ್ಕ ಕೂತು, ನಿಮ್ಮಜ್ಜಿ ಯೇಸುವಿನ ಹೆಸರು ಕೇಳದೇ ಹೋದರಲ್ಲ, ನೀನಾದರೂ ತಡ ಮಾಡಬೇಡ ಅಂದೆ. ಅಜ್ಜಿ ಈಗ ಎಲ್ಲಿರಬಹುದು ಅನ್ನೋದನ್ನೂ ಹೇಳಿದೆ. ಹತ್ತೊಂಬತ್ತು ವರ್ಷದವನಿಗೆ ಅದೂ ಗೊತ್ತಿತ್ತು ನೋಡಿ!

ಅವನು ಬೈಯಲಿಲ್ಲ, ಜಗಳ ಆಡಲಿಲ್ಲ. ಎರಡು ದಿನ ಆದಮೇಲೆ ಹಾಸಿಗೆ ಸುತ್ತಿಕೊಂಡು ಬೇರೆ ರೂಮಿಗೆ ಹೋದ. ಆ ಅಜ್ಜಿ ಅವನ ಕೈಯಲ್ಲಿ ನನಗೂ ಅಂತ ಶೇಂಗಾ ಹೋಳಿಗೆ ಕಳಿಸ್ತಿದ್ದರು. ಇದು ನನಗೆ ನೆನಪಾದದ್ದು ಅವನ ಮಂಚ ಖಾಲಿಯಾದ ಮೇಲೆ. ಆಮೇಲೆ ಎರಡು ಸಲ ಕ್ಷಮೆ ಕೇಳಿದೆ. "ಇರಲಿ ಬಿಡಪಾ" ಅಂದ. ಆದರೆ ಮಾತು ಮೊದಲಿನ ಹಾಗೆ ಆಗಲೇ ಇಲ್ಲ.

ಅಲ್ಲಿಂದ ನಾನು ಯೇಸುವಿನ ಬಗ್ಗೆ ಮಾತಾಡೋದನ್ನು ಬಿಟ್ಟು ಕಿಟೆಲ್ ಬಗ್ಗೆ ಮಾತಾಡೋಕೆ ಶುರು ಮಾಡಿದೆ :-) ಅದು ಸುರಕ್ಷಿತ. ಕಿಟೆಲ್ ಅಂದರೆ ಕನ್ನಡಿಗರು ಎಲ್ಲರೂ ಕೈ ಮುಗೀತಾರೆ. 1894ರ ನಿಘಂಟು, ಹತ್ತಿರ ಹತ್ತಿರ 70,000 ಪದಗಳು, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು, ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆ. ಮೊಗ್ಲಿಂಗ್ 1843ರಲ್ಲಿ ಶುರು ಮಾಡಿದ ಮಂಗಳೂರ ಸಮಾಚಾರ ಬೇರೆ. ಮಿಶನರಿಗಳ ಬಗ್ಗೆ ಯಾರಾದರೂ ಕೊಂಕು ಆಡಿದರೆ ಕಿಟೆಲ್ ಹೆಸರು ಮುಂದಿಡೋದು, ಅಲ್ಲಿಗೆ ಬಚಾವ್. ಆದರೆ ಆ ಮನುಷ್ಯ 1853ರಲ್ಲಿ ಹಡಗು ಹತ್ತಿ ಇಲ್ಲಿಗೆ ಬಂದದ್ದು ನಿಘಂಟು ಬರೆಯೋಕೆ ಅಲ್ಲವಲ್ಲ. ಅವರು ಯಾಕೆ ಬಂದರು ಅನ್ನೋದನ್ನು ಮಾತ್ರ ನಾನು ಬಾಯಿ ಬಿಟ್ಟು ಹೇಳ್ತಿರಲಿಲ್ಲ.

ಬೆಂಗಳೂರಿನ ನಮ್ಮ ಚರ್ಚಿನ ಯುವಕರ ಗುಂಪಿನಲ್ಲಿ ಸುವಾರ್ತೆ ಹೇಳೋದು ಹೇಗೆ ಅಂತ ಆರು ವಾರದ ತರಬೇತಿ ಇತ್ತು. ಹೋದೆ. ಕರಪತ್ರ ಕೊಟ್ಟರು, ಹಂಚಲಿಲ್ಲ. ಈಗಲೂ ನನ್ನ ಬೀರುವಿನ ಮೇಲೆ ಒಂದು ಕಟ್ಟು ಇದೆ. ಅದರ ಬದಲು ಎಕ್ಸೆಲ್‌ನಲ್ಲಿ ಒಂದು ಶೀಟ್ ಮಾಡಿದೆ. ಒಂದು ಕಾಲಮ್ಮಿನಲ್ಲಿ ಜನ ಕೇಳಬಹುದಾದ ಪ್ರಶ್ನೆ, ಇನ್ನೊಂದರಲ್ಲಿ ಉತ್ತರ, ಮೂರನೆಯದರಲ್ಲಿ ಸತ್ಯವೇದದ ವಚನ. ತ್ರಯೈಕ್ಯ ಅಂದರೇನು, ಎಲ್ಲ ಧರ್ಮಗಳೂ ಒಂದೇ ಅಲ್ಲವಾ, ಕಷ್ಟ ಯಾಕೆ ಇದೆ... ಒಟ್ಟು 41 ಸಾಲು. ಫಿಲ್ಟರ್ ಕೂಡ ಹಾಕಿದ್ದೆ. ಆ 41ರಲ್ಲಿ ಒಂದನ್ನೂ ಇವತ್ತಿನವರೆಗೆ ಯಾರೂ ನನಗೆ ಕೇಳಿಲ್ಲ.

ಈಗ ಮಂಜು ವಿಷಯಕ್ಕೆ ಬರ್ತೀನಿ.

ಮಂಜು ತಿಪಟೂರು ಕಡೆಯವನು. ಲಿಂಗಾಯತರು. ಅವರಪ್ಪ ತೆಂಗಿನ ತೋಟ ಮಾಡಿಕೊಂಡು ಕೊಬ್ಬರಿ ವ್ಯಾಪಾರ ಮಾಡ್ತಿದ್ದರು. ಕೊಬ್ಬರಿ ರೇಟು ಬಿದ್ದಾಗೆಲ್ಲ ಮಂಜು ಆಫೀಸಿನಲ್ಲಿ ಮಂಕಾಗಿ ಕೂತಿರ್ತಿದ್ದ. 2025ರ ಫೆಬ್ರವರಿಯಲ್ಲಿ ಅವರಪ್ಪನಿಗೆ ಕಿಡ್ನಿ ಕೈಕೊಟ್ಟು, ಬೆಂಗಳೂರಿನ ಆಸ್ಪತ್ರೆಗೆ ತಂದು ಐಸಿಯುಗೆ ಹಾಕಿದರು. ಅವನ ಅಮ್ಮ, ಅಕ್ಕ ಹಗಲು ಇರ್ತಿದ್ದರು. ಎರಡನೇ ದಿನ ರಾತ್ರಿ ನಾನು ಅವನ ಜೊತೆ ಉಳಿದೆ.

ಐಸಿಯು ಹೊರಗೆ ಆ ಸ್ಟೀಲಿನ ಕುರ್ಚಿಗಳು ಗೊತ್ತಲ್ಲ, ಮೂರು ಮೂರು ಒಟ್ಟಿಗೆ ಜೋಡಿಸಿರೋವು, ಅದರಲ್ಲಿ ಕೂತಿದ್ದೆವು. ಹನ್ನೊಂದೂವರೆ ಹೊತ್ತಿಗೆ ನರ್ಸ್ ಹೊರಗೆ ಬಂದು ಬಟ್ಟೆಯಲ್ಲಿ ಸುತ್ತಿದ ಏನನ್ನೋ ಮಂಜು ಕೈಗೆ ಕೊಟ್ಟು, ಕುತ್ತಿಗೆಗೆ ಪೈಪ್ ಹಾಕಬೇಕು, ಇದನ್ನು ತೆಗೆದಿದ್ದೀವಿ, ನೀವೇ ಇಟ್ಟುಕೊಳ್ಳಿ ಅಂದರು. ಅವರಪ್ಪನ ಇಷ್ಟಲಿಂಗ. ಬೆಳ್ಳಿ ಕರಡಿಗೆ, ಶಿವದಾರ. ಮಂಜು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡ. ಅಷ್ಟರಲ್ಲಿ ಕೆಳಗಡೆ ಕೌಂಟರಿನಿಂದ ಕರೆ ಬಂತು, ಮುಂಗಡ ಕಟ್ಟಬೇಕು, ಔಷಧಿ ತರಬೇಕು. ಅವನು ಸುತ್ತ ನೋಡಿದ. ಆ ಲಿಂಗವನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳೋಕೆ ಅವನಿಗೆ ಮನಸ್ಸಾಗಲಿಲ್ಲ. "ಹಿಡ್ಕೋ" ಅಂತ ನನ್ನ ಕಡೆ ಚಾಚಿದ.

ಇಷ್ಟಲಿಂಗವನ್ನು ಹಾಗೆಲ್ಲ ಬೇರೆಯವರ ಕೈಗೆ ಕೊಡಲ್ಲ ಅನ್ನೋದು ನನಗೆ ಗೊತ್ತು. ಧಾರವಾಡದಲ್ಲಿ ಹುಟ್ಟಿ ಬೆಳೆದವನಿಗೆ ಅಷ್ಟು ಗೊತ್ತಿಲ್ಲದೆ ಇರತ್ತಾ? ಸುಮ್ಮನೆ ತೆಗೆದುಕೊಳ್ಳಬಹುದಿತ್ತು, ಐದು ವರ್ಷ ಸುಮ್ಮನಿದ್ದವನಿಗೆ ಇನ್ನೊಂದು ರಾತ್ರಿ ದೊಡ್ಡದಲ್ಲ. ಆದರೆ ಕೈ ಮುಂದೆ ಹೋಗಲಿಲ್ಲ. ಇವನು ನನ್ನನ್ನು ಇನ್ಯಾರೋ ಅಂದುಕೊಂಡು ತನ್ನ ಅಪ್ಪನ ದೇವರನ್ನು ಕೊಡ್ತಿದ್ದಾನೆ, ಇದು ಮೋಸ ಆಗತ್ತೆ ಅನ್ನಿಸಿತು.

"ಮಂಜು, ನಾನು ಹಿಡ್ಕೋಬಹುದಾ? ನಾನು... ನಾವು ಕ್ರೈಸ್ತರು ಕಣೋ."

ಅವನು ಒಂದು ಕ್ಷಣ ನನ್ನ ಮುಖ ನೋಡಿದ. "ಗೊತ್ತು ಕಣೋ. 2022ರಲ್ಲಿ ಟೀಮ್ ಔಟಿಂಗಿಗೆ ಎಲ್ಲರ ಆಧಾರ್ ಕಾಪಿ ಕಲೆಕ್ಟ್ ಮಾಡಿದ್ದು ನಾನಲ್ವಾ? ನಿನ್ನ ಅಡ್ರೆಸ್ಸಿನಲ್ಲಿ ಅಪ್ಪನ ಹೆಸರು ಇತ್ತು. ನೀನೇ ಹೇಳ್ತೀಯ ಅಂತ ಸುಮ್ನಿದ್ದೆ. ಹಿಡ್ಕೋ, ಜೋಪಾನ" ಅಂದು ಕೈಯಲ್ಲಿಟ್ಟು ಮೆಟ್ಟಿಲು ಇಳಿದು ಓಡಿದ.

ಅವನಿಗೆ ಮೂರು ವರ್ಷದಿಂದ ಗೊತ್ತಿತ್ತು. ಹಾಗಾದರೆ ಆ ಡಿಸೆಂಬರಿನಲ್ಲಿ, ಅಕ್ಕಿ ಮೂಟೆ ಜೋಕಿಗೆ ನಾನು ನಕ್ಕಾಗ, ನನ್ನ ಎದುರಿಗೇ ಕೂತಿದ್ದವನಿಗೆ ಗೊತ್ತಿತ್ತು! ರಿಲೀಸು, ಬಗ್ಗು ಅಂತ ಮಾತು ತಿರುಗಿಸಿದ್ದು ನನಗೋಸ್ಕರ.

ಕೌಂಟರಿನಲ್ಲಿ ಕ್ಯೂ ಇತ್ತೇನೋ, ಅವನು ಬರೋಕೆ ಮುಕ್ಕಾಲು ಗಂಟೆ ಆಯ್ತು. ಅಷ್ಟು ಹೊತ್ತೂ ನಾನು ಕರಡಿಗೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮಿಸುಕಾಡದೆ ಕೂತಿದ್ದೆ.

ವಾಪಸ್ ಬಂದು ಕೂತವನು ಸ್ವಲ್ಪ ಹೊತ್ತಾದ ಮೇಲೆ ಕೇಳಿದ. "ನಿಮ್ಮಲ್ಲಿ ಇಂಥ ಹೊತ್ತಲ್ಲಿ ಏನ್ ಮಾಡ್ತೀರಾ?"

"ಪ್ರಾರ್ಥನೆ ಮಾಡ್ತೀವಿ."

"ಮಾಡು ಮತ್ತೆ."

"ಮಾಡ್ತಾನೇ ಇದ್ದೀನಿ, ಮನಸ್ಸಲ್ಲಿ."

"ನಂಗೂ ಕೇಳೋ ಹಾಗೆ ಮಾಡೋ."

ಸುಳ್ಳು ಹೇಳಲ್ಲ, ಮೊದಲು ನಾನು ನೋಡಿದ್ದು ಮೂಲೆಯಲ್ಲಿದ್ದ ಸಿಸಿಟಿವಿ ಕ್ಯಾಮೆರಾ. ಆಮೇಲೆ ಸೆಕ್ಯೂರಿಟಿಯವನನ್ನು. ಆಸ್ಪತ್ರೆ, ಸಾವಿನ ಅಂಚಿನಲ್ಲಿರೋ ರೋಗಿ, ಪಕ್ಕದಲ್ಲಿ ಒಬ್ಬ ಕ್ರೈಸ್ತ ಜೋರಾಗಿ ಪ್ರಾರ್ಥನೆ ಮಾಡ್ತಿದ್ದಾನೆ... ಟಿವಿಯಲ್ಲಿ ಹೇಗೆ ಕಾಣಿಸತ್ತೆ ಅಂತ ಲೆಕ್ಕ ಹಾಕಿಬಿಟ್ಟೆ. ಮಂಜುಗೆ ಅರ್ಥ ಆಯ್ತು. ಅಂಥಾ ಹೊತ್ತಲ್ಲೂ ಸಣ್ಣಗೆ ನಕ್ಕು "ನಾನು ದೂರು ಕೊಡಲ್ಲ ಮಗಾ" ಅಂದ.

ಮಾಡಿದೆ. ಗಂಟಲು ನಡುಗ್ತಿತ್ತು. ಕರ್ತನೇ, ಒಳಗಡೆ ಮಲಗಿರೋ ಇವರಿಗೆ ನೋವು ಕಡಿಮೆ ಮಾಡು, ಉಳಿಸೋದಾದರೆ ಉಳಿಸು, ಇವನಿಗೆ ಧೈರ್ಯ ಕೊಡು. ಇಷ್ಟೇ. ಕೊನೆಗೆ ಆಮೆನ್ ಅಂದೆ, ಅವನು "ಹ್ಞೂಂ" ಅಂದ.

ನಾಲ್ಕನೇ ದಿನ ಅವರಪ್ಪ ತೀರಿಕೊಂಡರು.

ಮಣ್ಣಿಗೆ ಹೋಗಿದ್ದೆ. ತೋಟದಲ್ಲೇ, ಅವರಜ್ಜನ ಸಮಾಧಿ ಪಕ್ಕ ಗುಣಿ ತೆಗೆದಿದ್ದರು. ಹಣೆಗೆ ವಿಭೂತಿ ಹಚ್ಚಿ, ಕೂರಿಸಿ, ಎಡಗೈಯಲ್ಲಿ ಆ ಲಿಂಗ ಇಟ್ಟರು. ಬಿಲ್ವಪತ್ರೆ ಹಾಕಿದರು. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕುವಾಗ ಮಂಜು ನನ್ನ ಕಡೆ ನೋಡಿದ, ನಾನೂ ಹಾಕಿದೆ. ನಮ್ಮಲ್ಲೂ ಮಣ್ಣು ಮಾಡೋದೇ, ಹಿಡಿ ಮಣ್ಣು ಹಾಕೋದೂ ಹಾಗೇ. ನಮ್ಮಜ್ಜನಿಗೆ ಹಾಕಿದ್ದು ನೆನಪಾಯ್ತು.

ಬಸ್ಸಿನಿಂದ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಐಸಿಯು ಹೊರಗೆ ಪ್ರಾರ್ಥನೆ ಮಾಡಿದ್ದನ್ನೂ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಲೈನ್ ಕಟ್ ಆಯ್ತೇನೋ ಅಂದುಕೊಂಡೆ. "ಕಾಯದೇ ಗಿಯದೇ ಎಲ್ಲಾ ಗೊತ್ತದ ಅಲ್ಲೋ ನಿನಗ?" ಅಂದರು. ಗೊತ್ತದ ಅಂದೆ. ಮತ್ತೆ ಸುಮ್ಮನಾಗಿ, ಆಮೇಲೆ ಮೆಲ್ಲಗೆ, "ಏನಂತ ಮಾಡಿದಿ ಪ್ರಾರ್ಥನಾ?" ಅಂತ ಕೇಳಿದರು. ಹೇಳಿದೆ. "ಛಲೋ ಮಾಡೀದಿ" ಅಂದು ಫೋನ್ ಅವ್ವನ ಕೈಗೆ ಕೊಟ್ಟರು. ಅವ್ವನ ಪ್ರಶ್ನೆ ಒಂದೇ, "ಉಂಡೆಯಿಲ್ಲೋ?"

ಏಪ್ರಿಲ್ ತಿಂಗಳಲ್ಲಿ ಒಂದು ಸಂಜೆ ಆಫೀಸಿನ ಕೆಳಗೆ ಟೀ ಅಂಗಡಿಯಲ್ಲಿ ನಿಂತಿದ್ದಾಗ ಮಂಜು ಇದ್ದಕ್ಕಿದ್ದ ಹಾಗೆ ಕೇಳಿದ. "ನಿನ್ನ ದೇವರು ಅವತ್ತು ಕೇಳಿಸ್ಕೊಳ್ಳಲಿಲ್ಲ ಅಲ್ವಾ?"

ಜಗಳಕ್ಕಲ್ಲ, ನಿಜವಾಗಿ ಕೇಳಿದ್ದು. ನನ್ನ 41 ಸಾಲಿನಲ್ಲಿ ಕಷ್ಟ ಯಾಕೆ ಇದೆ ಅನ್ನೋದಕ್ಕೆ ಉತ್ತರ ಇತ್ತು, ಎರಡು ಪ್ಯಾರಾ. ಅದನ್ನು ಹೇಳೋಕೆ ಬಾಯಿ ಬರಲಿಲ್ಲ. ಹಾಸ್ಟೆಲಿನ ಮಂಚ ಕಣ್ಣ ಮುಂದೆ ಬಂತು.

"ಗೊತ್ತಿಲ್ಲ ಕಣೋ. ಆದರೆ ನನಗೊಂದು ಕಥೆ ಗೊತ್ತು, ಹೇಳಲಾ?" ಅಂದೆ.

ಲಾಜರನ ಕಥೆ ಹೇಳಿದೆ. ಬೇಥಾನ್ಯ ಅಂತ ಒಂದು ಹಳ್ಳಿ, ಮಾರ್ಥ, ಮರಿಯ ಅಂತ ಇಬ್ಬರು ಅಕ್ಕತಂಗಿಯರು, ಅವರ ತಮ್ಮ ಲಾಜರ. ಯೇಸುವಿಗೆ ಬಹಳ ಬೇಕಾದ ಮನೆ. ತಮ್ಮನಿಗೆ ಹುಷಾರಿಲ್ಲ ಅಂತ ಹೇಳಿ ಕಳಿಸ್ತಾರೆ. ಯೇಸು ಕೂಡಲೇ ಹೊರಡಲ್ಲ, ಇದ್ದಲ್ಲೇ ಎರಡು ದಿನ ಉಳಿದುಬಿಡ್ತಾನೆ. ಬರೋ ಹೊತ್ತಿಗೆ ಸಮಾಧಿ ಮಾಡಿ ನಾಲ್ಕು ದಿನ ಆಗಿರತ್ತೆ. ಇಬ್ಬರೂ, ಒಬ್ಬರಾದ ಮೇಲೆ ಒಬ್ಬರು, ನೀನು ಮೊದಲೇ ಬಂದಿದ್ದರೆ ಅವನು ಸಾಯ್ತಿರಲಿಲ್ಲವಲ್ಲ ಅಂತ ಮುಖದ ಮೇಲೇ ಕೇಳ್ತಾರೆ. ಅವನು ಅದಕ್ಕೆ ಬೈಯಲ್ಲ. ಅವರೆಲ್ಲ ಅಳೋದನ್ನು ನೋಡಿ ಅವನೂ ಅಳ್ತಾನೆ. ಲಾಜರನನ್ನು ಎಬ್ಬಿಸ್ತೀನಿ ಅಂತ ಅವನಿಗೆ ಗೊತ್ತು, ಇನ್ನು ಸ್ವಲ್ಪ ಹೊತ್ತಿಗೆ ಎಬ್ಬಿಸೋದೂ ನಿಜ. ಆದರೂ ಮೊದಲು ಅಳ್ತಾನೆ.

ಮಂಜು ಗ್ಲಾಸು ಕೆಳಗಿಟ್ಟ. "ಅತ್ನಾ? ದೇವರು?"

"ಹ್ಞೂಂ."

"ಆದ್ರೆ ಅವನನ್ನ ಎಬ್ಬಿಸಿದ. ನಮ್ಮಪ್ಪನ್ನ ಎಬ್ಬಿಸಲಿಲ್ಲ."

"ಹೌದು."

ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ ಅಂದ, "ಆ ಲಾಜರನೂ ಮುಂದೆ ಒಂದಿನ ಸತ್ತೇ ಸತ್ತಿರ್ತಾನಲ್ವಾ?" ನಾನು ಅಷ್ಟು ವರ್ಷದಲ್ಲಿ ಒಂದು ಸಲವೂ ಹಾಗೆ ಯೋಚಿಸಿರಲಿಲ್ಲ. ಹೌದು, ಸತ್ತಿರಬೇಕು. ಆಗ ಹೇಳಿದೆ, ನಾನು ನಂಬೋದು ಏನು ಅಂತ. ಯೇಸು ಸತ್ತು, ಮೂರನೇ ದಿನ ಎದ್ದ, ಮತ್ತೆ ಸಾಯಲಿಲ್ಲ. ಸಾವು ಕೊನೆ ಅಲ್ಲ ಅಂತ ನಾನು ನಂಬೋದು ಅದರಿಂದ. ನಮ್ಮಜ್ಜನನ್ನು ಮಣ್ಣಿಗಿಟ್ಟು ಬಂದ ರಾತ್ರಿ ನನಗೆ ನಿದ್ದೆ ಬಂದಿದ್ದೂ ಅದರಿಂದಲೇ. ಟೀ ಅಂಗಡಿ ಮುಂದೆ, ಬೈಕುಗಳ ಸದ್ದಿನಲ್ಲಿ, ಚರ್ಚಿನ ಹೊರಗಿನ ಒಬ್ಬ ಮನುಷ್ಯನಿಗೆ ಹಾಸ್ಟೆಲ್ ಆದಮೇಲೆ ನಾನು ಇದನ್ನು ಹೇಳಿದ್ದು ಅದೇ ಮೊದಲು.

"ನನ್ನನ್ನ ಕ್ರಿಶ್ಚಿಯನ್ ಮಾಡ್ಬೇಕು ಅಂತಿದ್ದೀಯಾ?" ಅಂತ ನೇರವಾಗಿ ಕೇಳಿದ.

ಇಲ್ಲಪ್ಪಾ, ನಾನು ಸುಮ್ಮನೆ ಹೇಳಿದೆ ಅನ್ನೋದು ಸುಲಭ. ನಾವು ಎಲ್ಲ ಕಡೆ ಹಾಗೇ ಹೇಳ್ತೀವಿ. ನಮ್ಮದು ಬರೀ ಸೇವೆ, ಶಾಲೆ, ಆಸ್ಪತ್ರೆ, ಇನ್ನೇನೂ ಇಲ್ಲ ಅಂತ. ಕಿಟೆಲ್ ಹೆಸರು ಹೇಳಿ ನಾನು ಮಾಡ್ತಿದ್ದದ್ದೂ ಅದೇ. ಅವತ್ತು ಹಾಗೆ ಹೇಳಲಿಲ್ಲ. "ನೀನು ನಂಬಿದರೆ ನನಗೆ ಸಂತೋಷ ಆಗತ್ತೆ, ಆಗಲ್ಲ ಅಂದ್ರೆ ಸುಳ್ಳು. ನಂಬದೇ ಇದ್ದರೂ ನಾನು ಇಲ್ಲೇ ಇರ್ತೀನಿ" ಅಂದೆ. ಅವನು ಸ್ವಲ್ಪ ಯೋಚಿಸಿ, "ಸರಿ. ಹಾಗಾದ್ರೆ ನೀನೂ ನಮ್ಮದು ಓದ್ಬೇಕು" ಅಂದ. ಮಾರನೇ ದಿನ ಬಸವಣ್ಣನವರ ವಚನಗಳ ಪುಸ್ತಕ ನನ್ನ ಡೆಸ್ಕಿನ ಮೇಲಿತ್ತು. ಅವರಪ್ಪನದು, ಅಂಚಿನಲ್ಲಿ ಪೆನ್ಸಿಲಿನ ಗೆರೆಗಳಿದ್ದವು. ಅದನ್ನು ಓದ್ತಾ ಇದ್ದೀನಿ. ಮಂಜು ಬಿಡಲ್ಲ, ಪ್ರಶ್ನೆ ಕೇಳ್ತಾನೆ, ನಾನೂ ಕೇಳ್ತೀನಿ. ಕೆಲವು ಕಡೆ ನಾವಿಬ್ಬರೂ ಒಪ್ಪಲ್ಲ, ಅದನ್ನು ಮುಚ್ಚಿಡೋದೂ ಇಲ್ಲ.

ನಾನು ಅವನಿಗೆ ಯೋಹಾನನ ಸುವಾರ್ತೆಯ ಹನ್ನೊಂದನೇ ಅಧ್ಯಾಯ ಕಳಿಸಿದೆ, ಲಾಜರನದು. ಅರ್ಧ ಗಂಟೆಗೆ ಉತ್ತರ ಬಂತು. "ಇದು ಯಾವ ಕಾಲದ ಕನ್ನಡ ಗುರು? ಆತನು, ಆಕೆಯು... ಟೀ ಅಂಗಡಿಲಿ ಹೇಳ್ದಂಗೆ ಬರೆದು ಕಳಿಸು." ನಾನು ಹುಟ್ಟಿದಾಗಿನಿಂದ ಕೇಳಿ ಬೆಳೆದ ಭಾಷೆ ಅದು, ನನಗೆ ಅದರಲ್ಲಿ ತೊಡಕು ಅಂತ ಅನ್ನಿಸಿದ್ದೇ ಇಲ್ಲ. ಹೊರಗಿನವರಿಗೆ ಅದು ನಮ್ಮ ಮನೆಯೊಳಗಿನ ಮಾತು. ಒಂದು ಶನಿವಾರ ಕೂತು ಇಡೀ ಅಧ್ಯಾಯವನ್ನು ಮಾತಾಡೋ ಕನ್ನಡದಲ್ಲಿ ಬರೆದೆ. ನಾಲ್ಕು ಗಂಟೆ ಹಿಡೀತು. ಕೋಡ್ ಬರೆಯೋದು ಇದಕ್ಕಿಂತ ಸುಲಭ. ಅಪ್ಪನಿಗೆ ಓದಿ ಹೇಳಿದರೆ ಎರಡು ಕಡೆ ತಪ್ಪು ಹಿಡಿದರು. ಎಕ್ಸೆಲ್ ಶೀಟನ್ನು ಅವತ್ತೇ ಅಳಿಸಿದೆ.

ಮಂಜು ಓದಿ, ಅವನ ಅಮ್ಮನಿಗೂ ಓದಿ ಹೇಳಿದನಂತೆ. ಅವರು ಏನಂದರು ಅಂತ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಹೋದ ವಾರ "ಆಮೇಲೆ ಏನಾಯ್ತು?" ಅಂತ ಒಂದು ಮೆಸೇಜ್ ಬಂತು.

ಹನ್ನೆರಡನೇ ಅಧ್ಯಾಯ. ಅದೇ ಬೇಥಾನ್ಯದಲ್ಲಿ ಊಟಕ್ಕೆ ಕೂತಿದ್ದಾರೆ, ಎದ್ದು ಬಂದ ಲಾಜರನೂ ಪಂಕ್ತಿಯಲ್ಲಿದ್ದಾನೆ. ಮರಿಯ ಬೆಲೆಬಾಳೋ ತೈಲ ತಂದು ಯೇಸುವಿನ ಪಾದಕ್ಕೆ ಹಚ್ಚಿ ತನ್ನ ತಲೆಗೂದಲಿನಿಂದ ಒರೆಸ್ತಾಳೆ, ಮನೆಯೆಲ್ಲ ಘಮ ಅನ್ನತ್ತೆ. ನಮ್ಮ ಸತ್ಯವೇದದಲ್ಲಿ ಆ ತೈಲಕ್ಕೆ ಜಟಾಮಾಂಸಿ ಅಂತ ಇದೆ. ಇದು ಯಾರಿಗೆ ಅರ್ಥ ಆಗತ್ತೆ ಅಂತ ಎರಡು ದಿನ ತಲೆ ಕೆಡಿಸಿಕೊಂಡು, ಸೆಂಟು ಅಂತ ಬರೆದು, ಹೊಡೆದುಹಾಕಿ, ಅತ್ತರು ಅಂತ ಬರೆದು, ಕೊನೆಗೆ ನಿನ್ನೆ ಮಂಜುಗೇ ಫೋನ್ ಮಾಡಿ ಕೇಳಿದೆ.

"ಜಟಾಮಾಂಸಿ ತಾನೇ? ಅದ್ಯಾಕೋ ಬದಲಾಯಿಸ್ತೀಯ, ಹಾಗೇ ಇರಲಿ. ನಮ್ಮಮ್ಮ ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆಗೆ ಹಾಕಿ ಕಾಯಿಸ್ತಾರಲ್ಲ, ಅದೇ" ಅಂದ.